ಸಾರಿನ ಪುಡಿಗೆ ನಾಮಕರಣ

ನಮ್ಮ ಅತ್ತಿಗೆಯ ಸಾರಿನ ಪುಡಿಗೆ ಹನ್ನೊಂದು ವರ್ಷ ಹೆಸರಿರಲಿಲ್ಲ. ಮಗು ಹುಟ್ಟಿದ ಹನ್ನೊಂದನೆಯ ದಿನವೋ ಹನ್ನೆರಡನೆಯ ದಿನವೋ ಹೆಸರಿಟ್ಟು ಮುಗಿಸುವ ಜನ ನಾವು. ಆದರೂ ಮನೆಯಿಂದ ಹೊರಟು ಮೈಸೂರಿನ ನಾಲ್ಕಾರು ಬಡಾವಣೆಗಳ ಅಡುಗೆಮನೆ ಸೇರಿದ್ದ ಪುಡಿಗೆ ಒಂದು ಹೆಸರು ಬೇಕೆಂದು ಯಾರಿಗೂ ಹೊಳೆದಿರಲಿಲ್ಲ. ಹೊಳೆದಾಗ ಅದು ಇಷ್ಟು ದೊಡ್ಡ ವ್ಯವಹಾರವಾದೀತೆಂದು, ಅದರ ಅರ್ಜಿ ಚೆನ್ನೈವರೆಗೆ ಹೋದೀತೆಂದು, ಜೀವಮಾನವೆಲ್ಲ ಹುಡುಗರಿಗೆ ರಸಾಯನಶಾಸ್ತ್ರ ಹೇಳಿಕೊಟ್ಟ ನಾನು ನಿವೃತ್ತನಾದ ವರ್ಷವೇ ಕಾಯಿದೆಯ ಪುಸ್ತಕ ಹಿಡಿದು ಕೂರಬೇಕಾದೀತೆಂದು ಯಾರು ತಿಳಿದಿದ್ದರು!

ಅಣ್ಣ ತೀರಿಕೊಂಡದ್ದು 2010ರಲ್ಲಿ. ಮದುವೆಯಾಗಿ ಹನ್ನೆರಡು ವರ್ಷದ ಮೇಲೆ ಹುಟ್ಟಿದ ಒಬ್ಬನೇ ಮಗ ಆಗ ಇನ್ನೂ ಎಂಜಿನಿಯರಿಂಗ್ ಓದುತ್ತಿದ್ದ. ಅಣ್ಣನದು ಖಾಸಗಿ ನೌಕರಿ, ಪೆನ್ಷನ್ನಿನ ಮಾತಿಲ್ಲ. ನಾನು ಕೈಲಾದದ್ದು ಮಾಡುತ್ತೇನೆಂದೆ. ಅತ್ತಿಗೆ ಬೇಡವೆನ್ನಲಿಲ್ಲ, ಬೇಕೆನ್ನಲೂ ಇಲ್ಲ. ಮುಂದಿನ ವರ್ಷ ಯುಗಾದಿ ಕಳೆದ ಮೇಲೆ ಒಂದು ದಿನ ನಾನು ಹೋದಾಗ ಮಹಡಿಯ ಮೇಲೆ ಹಳೆಯ ಸೀರೆ ಹಾಸಿ ಕೊತ್ತಂಬರಿ ಬೀಜ ಒಣಗಿಸುತ್ತಿದ್ದರು. ಪಕ್ಕದಲ್ಲಿ ಬ್ಯಾಡಗಿ ಮೆಣಸಿನಕಾಯಿಯ ಕೆಂಪು ರಾಶಿ. “ಎದುರುಮನೆಯವರು ಒಂದು ಕಿಲೋ ಪುಡಿ ಮಾಡಿಕೊಡಿ, ದುಡ್ಡು ಕೊಡುತ್ತೇವೆ ಎಂದರು” ಎಂದಷ್ಟೇ ಹೇಳಿದರು. ಆ ಒಂದು ಕಿಲೋ ಹತ್ತಾಯಿತು, ಹತ್ತು ನಲವತ್ತಾಯಿತು. ಮಗನ ಓದು ಮುಗಿದು, ಅವನು ಅಮೆರಿಕೆಗೆ ಹೋಗಿ, ಅಲ್ಲಿಂದ ದುಡ್ಡು ಕಳಿಸುತ್ತೇನೆಂದರೂ ಪುಡಿ ನಿಲ್ಲಲಿಲ್ಲ.

ಪುಡಿಯ ಹದ ನಮ್ಮ ತಾಯಿಯದು. ಅತ್ತಿಗೆ ಈ ಮನೆಗೆ ಸೊಸೆಯಾಗಿ ಬಂದಾಗ ನಾನು ಹೈಸ್ಕೂಲಿನಲ್ಲಿದ್ದೆ. ಮೊದಲನೆಯ ವರ್ಷವೆಲ್ಲ ಅವರಿಗೆ ಮೆಂತ್ಯ ಹುರಿಯುವ ಅಧಿಕಾರವಿರಲಿಲ್ಲ. ಒಂದು ಕ್ಷಣ ಹೆಚ್ಚಾದರೆ ಕಹಿಯಾಗುತ್ತದೆಂದು ಅಮ್ಮ ತಾವೇ ಹುರಿಯುತ್ತಿದ್ದರು. ಎರಡನೆಯ ವರ್ಷ ಆ ಬಾಣಲೆ ಸೊಸೆಯ ಕೈಗೆ ಬಂತು. ನಮ್ಮ ಮನೆಯಲ್ಲಿ ಅಧಿಕಾರ ಹಸ್ತಾಂತರವೆಂದರೆ ಅದೇ.

ಪೊಟ್ಟಣದ ಮೇಲೆ ಆಹಾರ ಇಲಾಖೆಯವರು ಕೊಟ್ಟ ನೋಂದಣಿ ಸಂಖ್ಯೆಯೇನೋ ಇತ್ತು. ಅದರ ಮೇಲ್ಗಡೆ ‘ಮನೆ ಸಾರಿನ ಪುಡಿ’ ಎಂದು ಅಚ್ಚಾಗಿತ್ತು. ಅದೇ ಹೆಸರೆಂದು ನಾವು ತಿಳಿದಿದ್ದೆವು. 2022ರ ಬೇಸಿಗೆಯಲ್ಲಿ ಆ ಭ್ರಮೆ ಹರಿಯಿತು. ಐದಾರು ವರ್ಷದಿಂದ ನಮ್ಮ ಪುಡಿಯನ್ನು ಇಟ್ಟು ಮಾರುತ್ತಿದ್ದ ಅಂಗಡಿಯೊಂದು ಇದ್ದಕ್ಕಿದ್ದ ಹಾಗೆ ಪುಡಿ ತರಿಸಿಕೊಳ್ಳುವುದನ್ನು ಕಡಿಮೆ ಮಾಡಿತು. ಹದಿನೈದು ದಿನಕ್ಕೆ ಹಳೆಯ ಗಿರಾಕಿಯೊಬ್ಬರು ಮನೆಯವರೆಗೆ ಬಂದು, “ಏನಮ್ಮಾ, ಈಚೆಗೆ ಸಾರಿನಲ್ಲಿ ಹೊಟ್ಟು ತೇಲುತ್ತದೆ, ಇಂಗಿನ ವಾಸನೆಯೇ ಇಲ್ಲ?” ಎಂದು ನೊಂದುಕೊಂಡು ಕೇಳಿದರು. ಅವರು ತೋರಿಸಿದ ಪೊಟ್ಟಣ ನಮ್ಮದಲ್ಲ. ಅದೇ ಕಂದು ಕಾಗದ, ಅದೇ ಹಸಿರು ಅಕ್ಷರ, ಅದೇ ‘ಮನೆ ಸಾರಿನ ಪುಡಿ’. ಅಂಗಡಿಯವರೇ ಎಲ್ಲಿಂದಲೋ ತರಿಸಿ ತುಂಬಿಸುತ್ತಿದ್ದರು. ನಾನು ಹೋಗಿ ಕೇಳಿದೆ. ಅವರು ನಗುನಗುತ್ತಲೇ ಉತ್ತರಿಸಿದರು: “ಇದೂ ಮನೆಯಲ್ಲೇ ಮಾಡಿದ್ದು ಸಾರ್.”

ಅತ್ತಿಗೆ ಆ ರಾತ್ರಿ ಊಟ ಮಾಡಲಿಲ್ಲವೆಂದು ಮರುದಿನ ತಿಳಿಯಿತು. ವ್ಯಾಪಾರ ಹೋಯಿತೆಂದಲ್ಲ. “ಹೊಟ್ಟು ಹಾಕಿದವಳು ನಾನು ಎಂದು ಅವರು ಎರಡು ವಾರ ನಂಬಿದ್ದರಲ್ಲ” ಎಂಬುದು ಅವರ ಸಂಕಟ.

ನನ್ನ ಹಳೆಯ ಶಿಷ್ಯನೊಬ್ಬ ಬೆಂಗಳೂರಿನಲ್ಲಿ ವಕೀಲ. ಕ್ಲಾಸಿನಲ್ಲಿ ನಿದ್ದೆ ಮಾಡುತ್ತಿದ್ದವನೇ ಹೌದು, ಈಗ ಬಹಳ ಚುರುಕು. ಅವನಿಗೆ ಫೋನು ಮಾಡಿ ಎಲ್ಲವನ್ನೂ ವಿವರಿಸಿದೆ. ತಾಳ್ಮೆಯಿಂದ ಕೇಳಿ, “ಮನೆ ಸಾರಿನ ಪುಡಿ ಎಂದರೆ ಯಾರ ಮನೆ ಸಾರ್?” ಎಂದ. ನನ್ನಲ್ಲಿ ಉತ್ತರವಿರಲಿಲ್ಲ.

ಅವನು ಹೇಳಿದ್ದರ ಸಾರಾಂಶ ಇಷ್ಟು. ವ್ಯಾಪಾರದ ಗುರುತನ್ನು, ಅಂದರೆ ಟ್ರೇಡ್ ಮಾರ್ಕನ್ನು, 1999ರ ಕಾಯಿದೆಯ ಪ್ರಕಾರ ನೋಂದಾಯಿಸಿಕೊಳ್ಳಬಹುದು. ನೋಂದಾಯಿಸದೆಯೂ ಕೋರ್ಟಿಗೆ ಹೋಗಬಹುದು. ಆದರೆ ಆಗ ಆ ಹೆಸರು ಕೇಳಿದೊಡನೆ ಜನಕ್ಕೆ ನೀವೇ ನೆನಪಾಗುತ್ತೀರೆಂದು ಸಾಕ್ಷಿ ಪುರಾವೆಗಳಿಂದ ಸಾಧಿಸಬೇಕು. ಇನ್ನು ಸರಕನ್ನು ವರ್ಣಿಸುವ ಮಾತು ಯಾರೊಬ್ಬರ ಸ್ವತ್ತೂ ಆಗಲಾರದು. ಸಾರಿನ ಪುಡಿಯನ್ನು ಸಾರಿನ ಪುಡಿ ಎನ್ನುವ ಹಕ್ಕು ಲೋಕಕ್ಕೆಲ್ಲ ಉಂಟು. ಶುದ್ಧ, ರುಚಿ, ಅಪ್ಪಟ, ಮೈಸೂರು ಎಂಬ ಮಾತುಗಳ ಗತಿಯೂ ಬಹುಮಟ್ಟಿಗೆ ಇದೇ. ಕಾಯಿದೆಯ ಒಂಬತ್ತನೆಯ ಪ್ರಕರಣ ಅವುಗಳನ್ನು ಬಾಗಿಲಲ್ಲೇ ತಡೆಯುತ್ತದೆ. “ಆ ಅಂಗಡಿಯವರ ಮೇಲೆ ಈಗ ಏನೂ ಮಾಡಲಾಗದು ಸಾರ್. ಮೊದಲು ಒಂದು ಹೆಸರಿಡಿ” ಎಂದ.

ಹೆಸರಿಡುವುದು ಎಷ್ಟು ಕಷ್ಟವೆಂದು ಇಟ್ಟವರಿಗೇ ಗೊತ್ತು. ಅತ್ತಿಗೆಗೆ ಮೊದಲು ತೋರಿದ್ದು ಅನ್ನಪೂರ್ಣೇಶ್ವರಿ. ಟ್ರೇಡ್ ಮಾರ್ಕ್ ಇಲಾಖೆಯ ಜಾಲತಾಣದಲ್ಲಿ ಯಾರು ಬೇಕಾದರೂ ದುಡ್ಡು ಕೊಡದೆ ಹುಡುಕಿ ನೋಡಬಹುದಾದ ಪಟ್ಟಿಯಿದೆ. ಅಕ್ಷರದಿಂದಲೂ ಹುಡುಕಬಹುದು, ಉಚ್ಚಾರದ ಹೋಲಿಕೆಯಿಂದಲೂ ಹುಡುಕಬಹುದು. ಅನ್ನಪೂರ್ಣೆಯ ಹೆಸರನ್ನು ಹಾಕಿದ್ದೇ ತಡ, ಸಾಲು ಸಾಲಾಗಿ ಅರ್ಜಿಗಳು ಇಳಿದುಬಂದವು. ಲೋಕಕ್ಕೆ ಅನ್ನವಿಕ್ಕುವ ತಾಯಿ. ಅವಳ ಹೆಸರು ಊರೂರಿನ ಹಿಟ್ಟಿನ ಚೀಲದ ಮೇಲೆ ಇದ್ದರೆ ಆಶ್ಚರ್ಯವೇನು? ಗೃಹಲಕ್ಷ್ಮಿ, ಸುರುಚಿ, ಪಾಕಶಾಲೆ, ಹೀಗೆ ಮನೆಯವರೆಲ್ಲ ಸೇರಿ ಮೂರು ಸಂಜೆ ಹೆಸರು ಹುಡುಕಿದೆವು. ಅಮೆರಿಕೆಯಿಂದ ಮಗ ಕಳಿಸಿದ ಹೆಸರುಗಳನ್ನು ಕೇಳಿ ಅತ್ತಿಗೆ, “ಇವೆಲ್ಲ ಔಷಧದ ಹೆಸರಿನ ಹಾಗಿವೆ” ಎಂದು ತಳ್ಳಿಹಾಕಿದರು.

ದೇವರು ಧರ್ಮಗಳ ಹೆಸರಿನ ವಿಚಾರದಲ್ಲಿ ಶಿಷ್ಯ ಒಂದು ಕಥೆ ಹೇಳಿದ. ಅಗರಬತ್ತಿಗೆ ‘ರಾಮಾಯಣ’ವೆಂಬ ಹೆಸರು ತನ್ನೊಬ್ಬನದೇ ಆಗಬೇಕೆಂದು ವ್ಯಾಪಾರಿಯೊಬ್ಬರು ಸುಪ್ರೀಂ ಕೋರ್ಟಿನವರೆಗೆ ಹೋದರಂತೆ. ಪವಿತ್ರಗ್ರಂಥದ ಹೆಸರು ಒಬ್ಬನ ಸ್ವತ್ತಾಗಲಾರದೆಂದು 2015ರಲ್ಲಿ ತೀರ್ಪಾಯಿತು. ಇದನ್ನು ಕೇಳಿ ಅತ್ತಿಗೆ ಸಮಾಧಾನದಿಂದ ತಲೆದೂಗಿದರು. ತಾವೂ ಎರಡು ದಿನದ ಹಿಂದೆ ಅನ್ನಪೂರ್ಣೆಯನ್ನು ಗುತ್ತಿಗೆ ಹಿಡಿಯಲು ಹೊರಟಿದ್ದುದು ಅವರಿಗೆ ಮರೆತೇಹೋಗಿತ್ತು.

ನಾನು ಚಿಕ್ಕಂದಿನಲ್ಲಿ ಅಂಗಡಿಗೆ ಹೋಗುವಾಗ ಅಮ್ಮ ಸರಕಿನ ಹೆಸರು ಹೇಳುತ್ತಿರಲಿಲ್ಲ, ಚಿತ್ರ ಹೇಳುತ್ತಿದ್ದರು. ಮೈಸೂರು ಸ್ಯಾಂಡಲ್ ಸಾಬೂನೆಂದರೆ ಅವರಿಗೆ ಆನೆಯ ತಲೆ, ಸಿಂಹದ ಮೈಯ ಸಾಬೂನು. ಅದು ಶರಭವೆಂದು ನನಗೆ ತಿಳಿದದ್ದು ಎಷ್ಟೋ ವರ್ಷದ ಮೇಲೆ. ಓದು ಬಾರದ ಹೆಂಗಸಿಗೂ ಮೋಸವಾಗದಂತೆ ಕಾಯುತ್ತಿದ್ದುದು ಆ ಚಿತ್ರ. ಕಾಯಿದೆಯ ನೂರಾರು ಪ್ರಕರಣಗಳ ಹಿಂದೆ ಇರುವುದೂ ಇಷ್ಟೇ ಎಂದು, ಅವನ್ನೆಲ್ಲ ಓದಿ ಕಣ್ಣು ಕೆಂಪಾದ ಮೇಲೆ, ನನಗೆ ಅನ್ನಿಸಿತು.

ನಾಲ್ಕನೆಯ ಸಂಜೆ ಅತ್ತಿಗೆ ಒಂದು ಮಾತು ಹೇಳಿದರು. ಆ ಮಾತನ್ನು ಇಲ್ಲಿ ಬರೆಯೆನು. ಬರೆದರೆ ಈ ಲೇಖನ ಜಾಹೀರಾತಾದೀತು. ಸಂಪಾದಕರು ದರಪಟ್ಟಿ ಕಳಿಸಿಯಾರು! ಮೂರಕ್ಷರದ ಮಾತು, ಯಾವ ನಿಘಂಟಿನಲ್ಲಿಯೂ ಇಲ್ಲ. ಅಣ್ಣ ತೊಟ್ಟಿಲಲ್ಲಿದ್ದಾಗ ಅಮ್ಮ ಅವನನ್ನು ಕೂಗುತ್ತಿದ್ದ ಮುದ್ದಿನ ಹೆಸರು ಅದು. ಅವನು ದೊಡ್ಡವನಾಗಿ, ಕೆಲಸಕ್ಕೆ ಸೇರಿ, ಕನ್ನಡಕ ಹಾಕಿಕೊಂಡ ಮೇಲೂ ಮಧ್ಯಾಹ್ನದ ಊಟಕ್ಕೆ ಅಮ್ಮ ಅದೇ ಹೆಸರಿನಿಂದ ಕರೆಯುತ್ತಿದ್ದರು. ಅವನಿಗೆ ನಾಚಿಕೆ, ನಮಗೆಲ್ಲ ನಗು.

ಅತ್ತಿಗೆಯ ಬಾಯಲ್ಲಿ ಆ ಮಾತನ್ನು ನಾನು ಎಂದೂ ಕೇಳಿರಲಿಲ್ಲ. ಅವರ ಕಾಲದ ಹೆಂಗಸರು ಗಂಡನ ಹೆಸರು ಹಿಡಿಯುವವರಲ್ಲ. ಮದುವೆಯಲ್ಲಿ ಹೆಸರು ಹೇಳುವ ಶಾಸ್ತ್ರದ ದಿನ ತಲೆ ತಗ್ಗಿಸಿ ಒಮ್ಮೆ ಹೇಳಿದ್ದೇ. ಆಮೇಲೆ ಮೂವತ್ತುಮೂರು ವರ್ಷ ‘ಇವರು’, ‘ನಿಮ್ಮಣ್ಣ’, ಅಷ್ಟೇ. ಈಗ ಹೇಳಿದ್ದೂ ಅವನ ಹೆಸರಲ್ಲವಷ್ಟೆ, ಅದಕ್ಕೇ ಇರಬೇಕು, ಸ್ಪಷ್ಟವಾಗಿ ಹೇಳಿದರು. ಹೇಳಿದವರು ಎದ್ದು ಒಳಗೆ ಹೋದರು. ನಾನು ಪಟ್ಟಿಯಲ್ಲಿ ಹುಡುಕಿದೆ. ಸಾಂಬಾರ ಪದಾರ್ಥಗಳ ಸಾಲಿನಲ್ಲಿ ಆ ಮಾತು ಒಂದೂ ಇರಲಿಲ್ಲ. ಉಚ್ಚಾರದಲ್ಲಿ ದೂರದ ಸಂಬಂಧಿಯೊಂದು ಮಾತ್ರ ಸಿಕ್ಕಿತು, ಉತ್ತರದ ಯಾವುದೋ ಊರಿನ ಬಿಸ್ಕತ್ತು. ನಾನು ಅದನ್ನು ಅಲಕ್ಷ್ಯ ಮಾಡಿದೆ. ಮುಂದೆ ಅದರ ಫಲ ಉಣ್ಣಬೇಕಾಯಿತು.

ಇನ್ನು ಅರ್ಜಿ. ಮಾಲೀಕರು ಯಾರೆಂಬ ಪ್ರಶ್ನೆ ಮೊದಲು ಬಂತು. ಅಂತರಜಾಲದಲ್ಲಿ ಅರ್ಜಿ ಸಲ್ಲಿಸಬೇಕಾದರೆ ಡಿಜಿಟಲ್ ಸಹಿ ಬೇಕು. ಬೀಗದ ಕೈಯಷ್ಟು ಗಾತ್ರದ ಒಂದು ಸಾಧನದಲ್ಲಿ ಅದು ಬರುತ್ತದೆ. ಅದನ್ನು ಪಡೆಯುವವರು ವೀಡಿಯೋದಲ್ಲಿ ಮುಖ ತೋರಿಸಿ ತಾವು ಯಾರೆಂದು ಹೇಳಬೇಕು. ಇಷ್ಟೆಲ್ಲ ತಾಪತ್ರಯ ಅಮ್ಮನಿಗೆ ಏಕೆಂದು ಮಗ ಫೋನಿನಲ್ಲಿ, “ಚಿಕ್ಕಪ್ಪ, ನಿಮ್ಮ ಹೆಸರಿನಲ್ಲೇ ಹಾಕಿಬಿಡಿ, ಎಲ್ಲ ಒಂದೇ ತಾನೆ” ಎಂದ. ನನಗೂ ಅದು ಸರಿಯೆಂದೇ ತೋರಿತ್ತು. ನಿಜ ಹೇಳಬೇಕೆಂದರೆ ಅರ್ಜಿಯಲ್ಲಿ ನನ್ನ ಹೆಸರನ್ನು ಅರ್ಧ ಬೆರಳಚ್ಚು ಮಾಡಿಯೂ ಇದ್ದೆ. ಅತ್ತಿಗೆ ಹಿಂದೆ ನಿಂತಿದ್ದವರು ಕೇಳಿದರು:

“ಅದರಲ್ಲಿ ಏನು ಕೇಳಿದ್ದಾರೆ?”

“ಮಾಲೀಕರ ಹೆಸರು ಅತ್ತಿಗೆ.”

“ಪುಡಿ ಮಾಡುವವರು ಯಾರಪ್ಪಾ?”

ನಾನು ಬರೆದದ್ದನ್ನು ಅಳಿಸಿದೆ. ಎರಡು ದಿನದ ಮೇಲೆ ಅತ್ತಿಗೆ ರೇಷ್ಮೆ ಅಂಚಿನ ಸೀರೆಯುಟ್ಟು, ಕುಳಿತು, ಫೋನಿನ ಕಣ್ಣನ್ನು ನೋಡುತ್ತ ತಮ್ಮ ಹೆಸರನ್ನು ಸ್ಫುಟವಾಗಿ ಹೇಳಿದರು. ಮೊದಲನೆಯ ಸಲ ಬೆಳಕು ಸಾಲದೆಂದು ಕಂಪೆನಿಯವರು ತಿರಸ್ಕರಿಸಿದರು. ಎರಡನೆಯ ಸಲ ಮಹಡಿಯ ಮೇಲೆ, ಕೊತ್ತಂಬರಿ ರಾಶಿಯ ಪಕ್ಕದಲ್ಲಿ ತೆಗೆದೆವು, ಸ್ವೀಕೃತವಾಯಿತು.

ಸರಕುಗಳನ್ನೂ ಸೇವೆಗಳನ್ನೂ ನಲವತ್ತೈದು ವರ್ಗಗಳಾಗಿ ವಿಂಗಡಿಸಿದ್ದಾರೆ. ಮೂವತ್ತನಾಲ್ಕು ಸರಕಿಗೆ, ಹನ್ನೊಂದು ಸೇವೆಗೆ. 1957ರಲ್ಲಿ ಫ್ರಾನ್ಸಿನ ನೀಸ್ ಎಂಬ ಊರಿನಲ್ಲಿ ಆದ ಒಪ್ಪಂದದಿಂದ ಬಂದ ವಿಂಗಡಣೆಯಂತೆ. ಮೂವತ್ತನೆಯ ವರ್ಗ ನಮ್ಮದು. ಕಾಫಿ, ಟೀ, ಅಕ್ಕಿ, ಸಕ್ಕರೆ, ಜೇನು, ಉಪ್ಪು, ಮಸಾಲೆ, ಕೊನೆಗೆ ಮಂಜುಗಡ್ಡೆಯೂ ಅದರಲ್ಲೇ. ಆದರೆ ಉಪ್ಪಿನಕಾಯಿ ಮಾತ್ರ ಇಪ್ಪತ್ತೊಂಬತ್ತರಲ್ಲಿ, ಮೀನು ಮಾಂಸಗಳ ಜೊತೆ! ಅತ್ತಿಗೆ ವರ್ಷಕ್ಕೊಮ್ಮೆ ನಿಂಬೆಕಾಯಿ ಉಪ್ಪಿನಕಾಯಿಯನ್ನೂ ಹಾಕಿ ಮಾರುತ್ತಿದ್ದರು. ಪ್ರತಿಯೊಂದು ವರ್ಗಕ್ಕೂ ಬೇರೆ ಬೇರೆ ಶುಲ್ಕ. ನಾವು ಅರ್ಜಿ ಹಾಕಿದಾಗ ಒಬ್ಬ ವ್ಯಕ್ತಿಗೋ ಸಣ್ಣ ಉದ್ಯಮಕ್ಕೋ ಅಂತರಜಾಲದ ಮೂಲಕ 4,500 ರೂಪಾಯಿ. ಕಾಗದದ ಅರ್ಜಿಯಾದರೆ 5,000. ದೊಡ್ಡ ಕಂಪೆನಿಗಳಿಗೆ ಇದರ ಎರಡರಷ್ಟು. ಎರಡು ವರ್ಗವೆಂದರೆ 9,000. ಅತ್ತಿಗೆ ಲೆಕ್ಕ ಹಾಕಿ ಹೇಳಿದರು: “ಉಪ್ಪಿನಕಾಯಿ ಬಿಡು. ಅದನ್ನು ನಮ್ಮಂತೆ ಯಾರೂ ಹಾಕಲಾರರು.” ಪುಡಿಯ ವಿಚಾರದಲ್ಲಿ ಆ ವಿಶ್ವಾಸ ಏಕಿಲ್ಲವೋ ನಾನು ಕೇಳಲಿಲ್ಲ.

ಹೆಸರನ್ನು ಕನ್ನಡ ಅಕ್ಷರಗಳಲ್ಲೇ ಬರೆಯಿಸಿ ಚಿತ್ರವಾಗಿ ಸೇರಿಸಿದೆವು. ಅಲ್ಲಿ ಒಂದು ನಿಯಮ ಎದುರಾಯಿತು. ಹಿಂದಿ, ಇಂಗ್ಲಿಷ್ ಬಿಟ್ಟು ಬೇರೆ ಲಿಪಿಯ ಮಾತಿದ್ದರೆ ಅದು ಯಾವ ಭಾಷೆಯದು, ಅದರ ಉಚ್ಚಾರವೇನು, ಅರ್ಥವೇನು ಎಂಬುದನ್ನು ಹಿಂದಿಯಲ್ಲೋ ಇಂಗ್ಲಿಷಿನಲ್ಲೋ ತಿಳಿಸಬೇಕು. ನಾನು ಹೆಚ್ಚು ಯೋಚಿಸದೆ ‘ಅರ್ಥವಿಲ್ಲದ ಕಲ್ಪಿತ ಪದ’ವೆಂದು ಬರೆದು ಅತ್ತಿಗೆಗೆ ಓದಿ ಹೇಳಿದೆ.

ಅವರ ಮುಖ ಸಣ್ಣದಾಯಿತು. “ಅರ್ಥವಿಲ್ಲ ಎಂದು ಬರೆದೆಯಾ?”

ನಾನು ತಡವರಿಸಿದೆ. ಕಾಯಿದೆಯ ದೃಷ್ಟಿಯಲ್ಲಿ ಅರ್ಥವಿಲ್ಲದ ಮಾತೇ ಎಲ್ಲಕ್ಕಿಂತ ಗಟ್ಟಿ ಎಂದು ವಿವರಿಸಿದೆ. ಅರ್ಥವಿದ್ದರೆ ಅದು ಯಾವುದಾದರೂ ಸರಕನ್ನು ವರ್ಣಿಸೀತು, ಇನ್ನೊಬ್ಬರಿಗೂ ಬೇಕಾದೀತು. ಅರ್ಥವಿಲ್ಲದ್ದು ಯಾರಿಗೆ ಬೇಕು? ಆದ್ದರಿಂದ ಇಟ್ಟುಕೊಂಡವರದೇ. ಇಷ್ಟು ಚೆನ್ನಾಗಿ ಕಾಲೇಜಿನಲ್ಲಿ ಕೂಡ ಪಾಠ ಹೇಳಿರಲಿಲ್ಲ. ಅತ್ತಿಗೆ ಸ್ವಲ್ಪ ಹೊತ್ತು ಗೋಡೆಯ ಕಡೆ ನೋಡಿ, “ಬರಿ ಹಾಗಾದರೆ. ನಿಮ್ಮಮ್ಮ ಇದ್ದಿದ್ದರೆ ನಿನಗೆ ಬೈಯುತ್ತಿದ್ದರು” ಎಂದರು.

ರಾತ್ರಿ ಕಾಯಿದೆಯನ್ನು ತಿರುವುತ್ತಿದ್ದಾಗ ಹದಿನಾಲ್ಕನೆಯ ಪ್ರಕರಣ ಕಣ್ಣಿಗೆ ಬಿತ್ತು. ಬದುಕಿರುವವರೊಡನೆ, ಇಲ್ಲವೆ ಅರ್ಜಿಯ ಹಿಂದಿನ ಇಪ್ಪತ್ತು ವರ್ಷದೊಳಗೆ ಸತ್ತವರೊಡನೆ, ಇಲ್ಲದ ಸಂಬಂಧವನ್ನು ಸೂಚಿಸುವಂತೆ ಗುರುತು ಇದ್ದರೆ, ಬದುಕಿರುವವರ ಅಥವಾ ಸತ್ತವರ ವಾರಸುದಾರರ ಒಪ್ಪಿಗೆಯನ್ನು ಅಧಿಕಾರಿ ಕೇಳಬಹುದಂತೆ. ಅಣ್ಣ ಹೋಗಿ ಹನ್ನೆರಡು ವರ್ಷ. ನಮ್ಮ ಸಂಬಂಧವೇನೂ ಸುಳ್ಳಲ್ಲ. ಆ ಹೆಸರು ನಮ್ಮ ಮನೆಯ ನಡುಮನೆ ದಾಟಿಯೂ ಇರಲಿಲ್ಲ. ಆದರೂ, ಕೇಳಿದ್ದರೆ ಒಪ್ಪಿಗೆ ಕೊಡಬೇಕಾದವರೂ ಅತ್ತಿಗೆಯೇ, ಪಡೆಯಬೇಕಾದವರೂ ಅತ್ತಿಗೆಯೇ ಎಂದುಕೊಂಡು ಪುಸ್ತಕ ಮುಚ್ಚಿದೆ.

ಜೂನ್ ತಿಂಗಳಲ್ಲಿ ಅರ್ಜಿ ಹೋಯಿತು. ಸಂಖ್ಯೆ ಆ ಕ್ಷಣದಲ್ಲೇ ಬಂತು. ಮುಂದಿನದು ಬರೀ ಕಾಯುವ ಕೆಲಸ. ಜಾಲತಾಣದಲ್ಲಿ ಸಂಖ್ಯೆ ಹಾಕಿದರೆ ಅರ್ಜಿಯ ಸ್ಥಿತಿ ತಿಳಿಯುತ್ತದೆ. ನಾನು ಬೆಳಗಿನ ಪತ್ರಿಕೆಗಿಂತ ಮೊದಲು ಅದನ್ನು ನೋಡತೊಡಗಿದೆ. ಒಂದು ದಿನ ‘ಆಬ್ಜೆಕ್ಟೆಡ್’ ಎಂದು ಬಂದಿತ್ತು. ನಾನು ನೋಡುವ ಮೊದಲೇ ಅತ್ತಿಗೆಗೆ ಮೂರು ಫೋನು ಬಂದಿದ್ದವು! ಅರ್ಜಿಯ ವಿವರಗಳೆಲ್ಲ ಲೋಕಕ್ಕೆ ಬಯಲು. ಅದನ್ನು ಕಾದು ಕುಳಿತವರು ದೆಹಲಿಯಿಂದಲೂ ಸೂರತ್ತಿನಿಂದಲೂ ಹಿಂದಿಯಲ್ಲಿ ಹೆದರಿಸುತ್ತಾರೆ. ಹೆಸರು ಹೋಗಿಯೇಬಿಡುತ್ತದೆ, ಇಂದೇ ಹಣ ಕಳಿಸಿದರೆ ಉಳಿಸುತ್ತೇವೆ ಎಂದು. ಅತ್ತಿಗೆಗೆ ಹಿಂದಿ ಬಾರದಿದ್ದುದು ಅಂದು ಉಪಕಾರವಾಯಿತು.

ಆಕ್ಷೇಪಣೆಯೆಂದರೆ ತಿರಸ್ಕಾರವಲ್ಲ. ಪರೀಕ್ಷಾ ವರದಿ ಕೈಸೇರಿದ ಒಂದು ತಿಂಗಳೊಳಗೆ ಉತ್ತರ ಕೊಡಬೇಕು. ಕೊಡದಿದ್ದರೆ ಅರ್ಜಿಯನ್ನು ಕೈಬಿಟ್ಟಂತೆ. ನಮ್ಮ ಆಕ್ಷೇಪಣೆ ಹನ್ನೊಂದನೆಯ ಪ್ರಕರಣದ್ದು: ಆ ಬಿಸ್ಕತ್ತಿನ ಹೆಸರನ್ನು ಹೋಲುತ್ತದೆ, ಎರಡೂ ಮೂವತ್ತನೆಯ ವರ್ಗ. ಈಗ ಶಿಷ್ಯ ನಮ್ಮ ರಾಜ್ಯದ್ದೇ ಆದ ಒಂದು ಪ್ರಕರಣವನ್ನು ಓದಲು ಕಳಿಸಿದ. ನಂದಿನಿ ಹಾಲನ್ನು ಕುಡಿಯದ ಕನ್ನಡಿಗರುಂಟೆ? ಹಾಲು ಮಹಾಮಂಡಲಿಯವರು ಆ ಹೆಸರನ್ನು 1985ರಿಂದ ಬಳಸುತ್ತಿದ್ದರು. 1989ರಲ್ಲಿ ಬೆಂಗಳೂರಿನಲ್ಲಿ ‘ನಂಧಿನಿ’ ಎಂಬ ಹೋಟೆಲು ಶುರುವಾಯಿತು. ಹೋಟೆಲಿನವರು ತಮ್ಮ ತಿಂಡಿ ಪದಾರ್ಥಗಳಿಗೆ ಆ ಹೆಸರನ್ನು ನೋಂದಾಯಿಸಹೊರಟಾಗ ಮಹಾಮಂಡಲಿಯವರು ವಿರೋಧಿಸಿದರು. ಕೆಳಗಿನಿಂದ ಮೇಲಿನವರೆಗೆ ಒಬ್ಬೊಬ್ಬರು ಒಂದೊಂದು ಹೇಳಿ, 2018ರ ಜುಲೈನಲ್ಲಿ ಸುಪ್ರೀಂ ಕೋರ್ಟು ಹೋಟೆಲಿನ ಪರವಾಗಿ ತೀರ್ಪಿತ್ತಿತು. ಗುರುತುಗಳ ಚಿತ್ರ ಬೇರೆ, ಸರಕು ಬೇರೆ. ಒಂದೇ ವರ್ಗದಲ್ಲಿವೆ ಎಂದ ಮಾತ್ರಕ್ಕೆ ಜನ ಮೋಸಹೋಗುತ್ತಾರೆಂದು ಹೇಳಲಾಗದು ಎಂದಿತು. ಹಾಲು, ಹಾಲಿನ ಪದಾರ್ಥಗಳಿಗೆ ಮಾತ್ರ ಹೋಟೆಲಿನವರಿಗೆ ಆ ಹೆಸರಿಲ್ಲ. ಹಾಲೂ ಅನ್ನವೂ ಜಗಳವಾಡಿದ ಈ ಕಥೆಯನ್ನು ಆಧಾರವಾಗಿಟ್ಟುಕೊಂಡು, ಬಿಸ್ಕತ್ತು ಕೊಳ್ಳುವವರು ಸಾರಿನ ಪುಡಿ ಕೊಂಡು ಮನೆಗೆ ಹೋಗುವುದಿಲ್ಲವೆಂದು ನಾಲ್ಕು ಪುಟ ಬರೆದೆ.

ಅಷ್ಟರಿಂದ ಮುಗಿಯಲಿಲ್ಲ. ಮರುವರ್ಷ ವಿಚಾರಣೆಗೆ ಕರೆದರು. ಚೆನ್ನೈಗೆ ಹೋಗಬೇಕಾಗಿರಲಿಲ್ಲ; ವಿಚಾರಣೆ ವೀಡಿಯೋದಲ್ಲೇ. ನಮ್ಮ ಸರದಿ ಬರುವವರೆಗೆ ಒಂದೂವರೆ ಗಂಟೆ ಪರದೆಯ ಮುಂದೆ ಕಾದೆವು. ನಾನು ನಾಲ್ಕು ಪುಟವನ್ನೂ ಬಾಯಿಪಾಠ ಮಾಡಿದ್ದೆ. ಅಧಿಕಾರಿಗಳು ಸೌಮ್ಯ ಸ್ವಭಾವದವರು. ಎರಡು ನಿಮಿಷ ಕೇಳಿ, ಇದನ್ನು ಓದಿದ್ದೇನೆಂದು ನಿಲ್ಲಿಸಿ, ಈ ಮಾತು ನಿಮಗೆ ಹೇಗೆ ಹೊಳೆಯಿತು ಎಂದು ಇಂಗ್ಲಿಷಿನಲ್ಲಿ ಕೇಳಿದರು.

ನಾನು ಬಾಯಿ ತೆರೆಯುವ ಮೊದಲೇ ಅತ್ತಿಗೆ ಮುಂದಕ್ಕೆ ಬಾಗಿ ಕನ್ನಡದಲ್ಲಿ ಉತ್ತರಿಸಿದರು. “ನಮ್ಮ ಯಜಮಾನರನ್ನು ಅವರ ತಾಯಿ ಹಾಗೆ ಕರೆಯುತ್ತಿದ್ದರು. ಊಟಕ್ಕೆ ಬಾ ಎಂದು ಕರೆಯುವಾಗ.” ನಾನು ಅದನ್ನು ಇಂಗ್ಲಿಷಿಗೆ ತಿರುಗಿಸಿದೆ. ‘ಊಟಕ್ಕೆ’ ಎಂಬಲ್ಲಿ ಗಂಟಲು ಸ್ವಲ್ಪ ಹಿಡಿಯಿತು, ವಯಸ್ಸಾಯಿತಲ್ಲ. ಅಧಿಕಾರಿಗಳು ಏನನ್ನೋ ಬರೆದುಕೊಂಡು, ಆದೇಶ ಕಳಿಸುವುದಾಗಿ ಹೇಳಿ, ಮುಂದಿನವರನ್ನು ಕರೆದರು. ಕಾಯಿದೆಯ ಪ್ರಕಾರ ಗೆದ್ದದ್ದು ನನ್ನ ನಾಲ್ಕು ಪುಟವೇ ಇರಬೇಕು. ಶಿಷ್ಯನೂ ಹಾಗೆಯೇ ಹೇಳುತ್ತಾನೆ. ಮನೆಯಲ್ಲಿ ಮಾತ್ರ ಯಾರೂ ಒಪ್ಪುವುದಿಲ್ಲ.

ಅರ್ಜಿ ಸ್ವೀಕೃತವಾಗಿ, ಸೋಮವಾರ ಸೋಮವಾರ ಹೊರಡುವ ಟ್ರೇಡ್ ಮಾರ್ಕ್ ಜರ್ನಲ್ಲಿನಲ್ಲಿ ಪ್ರಕಟವಾಯಿತು. ಅದಾದ ಮೇಲೆ ನಾಲ್ಕು ತಿಂಗಳು ಯಾರು ಬೇಕಾದರೂ ವಿರೋಧಿಸಬಹುದು. ಬಿಸ್ಕತ್ತಿನವರು ಎದ್ದು ಬಂದಾರೆಂದು ನನಗೆ ಅಂಜಿಕೆ; ಬರಲಿಲ್ಲ. ಈ ನಡುವೆ ಹೊಸ ಪೊಟ್ಟಣ ಅಚ್ಚುಮಾಡಿಸಲು ಹೋದಾಗ ಮುದ್ರಕರು, “ವೃತ್ತದೊಳಗೆ ಒಂದು ಆರ್ ಹಾಕಿಬಿಡಲೇ ಸಾರ್? ನೋಡಲು ಚೆನ್ನಾಗಿರುತ್ತದೆ, ಅದಕ್ಕೆ ಬೇರೆ ದುಡ್ಡಿಲ್ಲ” ಎಂದರು. ನೋಂದಣಿಗೆ ಮೊದಲು ಅದನ್ನು ಹಾಕುವುದು ಕಾಯಿದೆಗೆ ವಿರುದ್ಧ, ಟಿ.ಎಂ. ಎಂಬ ಎರಡಕ್ಷರವನ್ನು ಮಾತ್ರ ಹಾಕಿಸಿದೆವು.

2024ರ ಮಳೆಗಾಲದಲ್ಲಿ ಒಂದು ದಿನ ಪ್ರಮಾಣಪತ್ರ ಇ-ಮೇಲಿನಲ್ಲಿ ಬಂತು. ಬೀದಿಯ ಕೊನೆಯ ಝೆರಾಕ್ಸ್ ಅಂಗಡಿಯಲ್ಲಿ ಬಣ್ಣದಲ್ಲಿ ತೆಗೆಸಿ, ನೆನೆಯದ ಹಾಗೆ ಅಂಗಿಯೊಳಗೆ ಇಟ್ಟುಕೊಂಡು ಹೋದೆ. ಆ ಹಳೆಯ ಅಂಗಡಿಯಲ್ಲಿ ‘ಮನೆ ಸಾರಿನ ಪುಡಿ’ ಈಗಲೂ ಮಾರುತ್ತಾರೆ. ಅವರನ್ನು ತಡೆಯುವ ಹಕ್ಕು ಈ ಕಾಗದದಿಂದ ಬರುವುದಿಲ್ಲವೆಂದು ದಾರಿಯಲ್ಲಿ ಜ್ಞಾಪಕಕ್ಕೆ ಬಂತು. ಹೊಟ್ಟಿನ ದೂರು ತಂದಿದ್ದ ಗಿರಾಕಿ ಮಾತ್ರ ಈಗ ಹೆಸರು ಹಿಡಿದೇ ಕೇಳುತ್ತಾರೆ.

ಅತ್ತಿಗೆ ಸೆರಗಿಗೆ ಕೈ ಒರಸಿಕೊಂಡು ಕಾಗದವನ್ನು ತೆಗೆದುಕೊಂಡರು. ಇಂಗ್ಲಿಷ್ ಅಕ್ಷರಗಳ ನಡುವೆ ಕನ್ನಡದ ಆ ಮೂರಕ್ಷರದ ಮೇಲೆ ಅವರ ಕಣ್ಣು ನಿಂತಿತು. ಅದರ ಮೇಲ್ಗಡೆ ಇದ್ದ ತಮ್ಮ ಹೆಸರನ್ನೂ ಓದಿಕೊಂಡರು.

“ಇದು ಎಲ್ಲಿಯವರೆಗೆ ನಮ್ಮದು?”

“ಅರ್ಜಿ ಹಾಕಿದ ದಿನದಿಂದ ಹತ್ತು ವರ್ಷ. 2032ರವರೆಗೆ. ಆಮೇಲೆ ಮತ್ತೆ ಶುಲ್ಕ ಕಟ್ಟಿ ನವೀಕರಿಸಬಹುದು, ಹೀಗೆ ಎಷ್ಟು ಸಲ ಬೇಕಾದರೂ.”

“ಆಗ ನನಗೆ ಎಪ್ಪತ್ತಾರು” ಎಂದು ಲೆಕ್ಕ ಹಾಕಿದರು. ಕಾಗದವನ್ನು ದೇವರ ಮನೆಯಲ್ಲಿಟ್ಟರೆ ಎಣ್ಣೆಯಾಗುತ್ತದೆಂದು, ಅಣ್ಣನ ಫೋಟೋದ ಹಿಂದೆ ಸಿಕ್ಕಿಸಿದರು. ಒಲೆಯ ಮೇಲಿನ ಬಾಣಲೆಯಲ್ಲಿ ಮೆಂತ್ಯವಿತ್ತು. “ಒಂದು ಕ್ಷಣ ಹೆಚ್ಚಾದರೆ ಕಹಿ” ಎಂದು ಗೊಣಗಿಕೊಳ್ಳುತ್ತ ಒಳಗೆ ಓಡಿದರು. ಅಲ್ಲಿಂದಲೇ ಕೂಗಿ, ಇನ್ನು ಮೆಣಸಿನಕಾಯಿ ಹುರಿಯುತ್ತೇನೆ, ಕಿಟಕಿ ತೆಗೆ ಎಂದರು.